ಮರಳು ಕುದಿಯುವ ಬಗೆ

ಬಳ್ಳಾರಿಯಿಂದ ಹೊಸಪೇಟೆಯ ಕಡೆಗೆ ಹೋಗುವವರಿಗೆ ಕುಡತಿನಿಯ ವಿದ್ಯುತ್ ಸ್ಥಾವರದ ಚಿಮಣಿಗಳು ದೂರದಿಂದಲೇ ಕಾಣಿಸುತ್ತವೆ. ಅಲ್ಲಿರುವ ಘಟಕಗಳು ಮೂರು. 500 ಮೆಗಾವಾಟಿನವು ಎರಡು, 700 ಮೆಗಾವಾಟಿನದು ಒಂದು. ಕಲ್ಲಿದ್ದಲನ್ನು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಅರೆದು, ಗಾಳಿಯೊಡನೆ ಬೆರೆಸಿ ಕುಲುಮೆಯೊಳಕ್ಕೆ ಊದಿದರೆ ಅದು ಹಾರುತ್ತಿರುವಾಗಲೇ ಉರಿದು ಮುಗಿಯುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಮೂರರಲ್ಲೊಂದು ಪಾಲಿಗೂ ಮಿಕ್ಕು ಬೂದಿಯೇ ಇರುವುದರಿಂದ, ಉರಿದು ಉಳಿಯುವ ರಾಶಿ ಎಷ್ಟೆಂಬುದನ್ನು ಕೇಳುಗರೇ ಊಹಿಸಬಹುದು. ಕುಡತಿನಿಗೆ ಬೂದಿ ಹೊಸದೇನೂ ಅಲ್ಲ. ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆ ದನಗಾಹಿ ಜನ ಸಗಣಿಯ ರಾಶಿಗಳನ್ನು ಸುಟ್ಟುದರಿಂದ ಆದ ನವಶಿಲಾಯುಗದ ಬೂದಿದಿಬ್ಬಗಳಲ್ಲಿ ಒಂದು ಆ ಊರಿನ ಬಳಿಯಲ್ಲೇ ಇದೆ. ಆ ದಿಬ್ಬದ ಮಾತು ಮುಂದೆ ಒಮ್ಮೆ ಬರಲಿದೆ.

ಪುಡಿಮಾಡಿ ಊದುವುದು ಕಲ್ಲಿದ್ದಲನ್ನು ಉರಿಸುವ ಒಂದು ಬಗೆ. ಇನ್ನೊಂದು ಬಗೆಯಿದೆ, ಇಂದಿನ ನನ್ನ ಮಾತು ಅದನ್ನು ಕುರಿತದ್ದು. ಮರಳಿನ ದಪ್ಪನೆಯ ಹಾಸೊಂದನ್ನು ಮಾಡಿ, ಅದರ ಅಡಿಯಿಂದ ಗಾಳಿಯನ್ನು ಹಾಯಿಸಿ, ಆ ಮರಳೆಲ್ಲ ಕುದಿಯುವ ಗಂಜಿಯಂತೆ ಏಳುತ್ತ ಬೀಳುತ್ತ ಇರುವಾಗ ಉರುವಲನ್ನು ಅದರೊಳಕ್ಕೆ ಬಿಡುವುದು. ಉರುವಲು ಕೀಳಾಗಿದ್ದರೂ ಈ ಹಾಸು ಅದನ್ನು ಸಹಿಸಿಕೊಳ್ಳುತ್ತದೆ. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಬೆಟ್ಟದಂತೆ ಬೀಳುವ ಭತ್ತದ ಹೊಟ್ಟಾಗಲಿ, ಬಳ್ಳಾರಿ ಸುತ್ತಿನ ಸ್ಪಂಜು ಕಬ್ಬಿಣದ ಕಾರ್ಖಾನೆಗಳಲ್ಲಿ ಉಳಿಯುವ ಅರೆಬೆಂದ ಇದ್ದಲಾಗಲಿ ಇಂಥ ಹಾಸಿಗೆ ಹೇಳಿ ಮಾಡಿಸಿದ ಉರುವಲುಗಳು. ಹಾಸಿನ ಬಿಸಿ 800ರಿಂದ 900 ಡಿಗ್ರಿ ಸೆಲ್ಸಿಯಸ್‌ಗಳಲ್ಲೇ ನಿಲ್ಲುವುದರಿಂದ, ಹೆಚ್ಚು ಬಿಸಿಯ ಜ್ವಾಲೆಯಲ್ಲಿ ಹುಟ್ಟುವ ಕೆಟ್ಟ ಅನಿಲಗಳೂ ಕಡಮೆ.

ಎಂಜಿನಿಯರುಗಳು ಇದನ್ನು ಫ್ಲೂಯಿಡೈಸ್ಡ್ ಬೆಡ್ ಎನ್ನುತ್ತಾರೆ. ಕನ್ನಡದಲ್ಲಿ ದ್ರವೀಕೃತ ಹಾಸು ಎಂದು ಬರೆದವರಿದ್ದಾರೆ. ಆದರೆ ದ್ರವೀಕರಣವೆಂದರೆ ಕರಗಿಸಿ ನೀರಾಗಿಸುವುದು ಎಂಬ ಅರ್ಥ ನಮ್ಮ ಮನಸ್ಸಿನಲ್ಲಿ ಬೇರೂರಿದೆ. ಇಲ್ಲಿ ಮರಳು ಕರಗುವುದಿಲ್ಲ. ಕಣವು ಕಣವಾಗಿಯೇ ಇದ್ದು ಒಟ್ಟು ರಾಶಿ ಮಾತ್ರ ನೀರಿನ ನಡತೆಯನ್ನು ಕಲಿಯುತ್ತದೆ. ಪಾತ್ರೆಯನ್ನು ಓರೆಮಾಡಿದರೆ ಮರಳಿನ ಮೇಲ್ಮೈ ನೀರಿನಂತೆ ಮಟ್ಟಸವಾಗಿ ನಿಲ್ಲುತ್ತದೆ. ಮರದ ತುಂಡನ್ನು ಹಾಕಿದರೆ ತೇಲುತ್ತದೆ, ಕಬ್ಬಿಣದ ಗುಂಡು ಮುಳುಗುತ್ತದೆ. ಆದ್ದರಿಂದ ಈ ಭಾಷಣದ ಮಟ್ಟಿಗಾದರೂ ಇದನ್ನು ತೇಲುಹಾಸು ಎಂದು ಕರೆಯುತ್ತೇನೆ. ಪದ ಸರಿಯಿಲ್ಲವೆನ್ನುವವರು ಮೇಲಾದದ್ದನ್ನು ಸೂಚಿಸಲಿ.

ತೇಲುಹಾಸಿನ ತತ್ತ್ವ ನಮ್ಮ ರೈತನಿಗೆ ಅಪರಿಚಿತವಲ್ಲ. ಸುಗ್ಗಿಯಲ್ಲಿ ಕಣದ ಮೇಲೆ ನಿಂತು ರಾಶಿ ತೂರುವಾಗ ಅವನು ಗಾಳಿಯ ಒತ್ತನ್ನೂ ಕಾಳಿನ ತೂಕವನ್ನೂ ಪರಸ್ಪರ ತೂಗಿ ನೋಡುತ್ತಾನೆ. ಗಾಳಿ ಗೆದ್ದರೆ ಹೊಟ್ಟು ದೂರ ಹಾರುತ್ತದೆ. ತೂಕ ಗೆದ್ದರೆ ಕಾಳು ಕಾಲ ಬುಡದಲ್ಲಿ ಬೀಳುತ್ತದೆ. ಇವೆರಡೂ ಸರಿಸಮವಾದಾಗ ಏನಾಗುವುದು? ಕಾಳು ಬೀಳದು, ಹಾರದು, ತೇಲುತ್ತದೆ. ಅರ್ಧ ಮಿಲಿಮೀಟರ್ ಗಾತ್ರದ ಸಾಧಾರಣ ಮರಳನ್ನು ಹೀಗೆ ತೇಲಿಸಲು ಅಡಿಯಿಂದ ಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ವೇಗದ ಗಾಳಿ ಸಾಕು. ಅದಕ್ಕಿಂತ ತುಸು ಹೆಚ್ಚು ಬಿಟ್ಟರೆ ಹಾಸಿನಲ್ಲಿ ಗುಳ್ಳೆಗಳು ಏಳತೊಡಗುತ್ತವೆ. ಮಧ್ಯದಲ್ಲಿ ಮರಳೇ ಇಲ್ಲದ ಪೊಳ್ಳುಗಳು ಅವು. ತಳದಲ್ಲಿ ಹುಟ್ಟಿ, ಮೇಲೇರುತ್ತ ಒಂದರೊಡನೊಂದು ಕೂಡಿ ದೊಡ್ಡದಾಗಿ, ಮೇಲ್ಮೈಯಲ್ಲಿ ಒಡೆದು ಮರಳನ್ನು ಚಿಮ್ಮಿಸುತ್ತವೆ. ಒಲೆಯ ಮೇಲಿನ ಅಂಬಲಿಯನ್ನು ನೋಡಿದವರಿಗೆ ಇದಕ್ಕಿಂತ ಹೆಚ್ಚು ವರ್ಣನೆ ಬೇಡ.

ಗುಳ್ಳೆಯೇ ಇಲ್ಲಿಯ ಕಥಾನಾಯಕ, ಖಳನಾಯಕನೂ ಅದೇ. ಗುಳ್ಳೆಗಳಿಲ್ಲದಿದ್ದರೆ ಹಾಸು ಕಲಕುವುದಿಲ್ಲ, ಬಿಸಿ ಎಲ್ಲೆಡೆಗೂ ಹಂಚಿಹೋಗುವುದಿಲ್ಲ. ಅವು ಅತಿಯಾದರೆ, ಅವುಗಳೊಳಗಿನ ಗಾಳಿ ಯಾವ ಕಣವನ್ನೂ ಮುಟ್ಟದೆ ನೇರವಾಗಿ ಮೇಲೆ ಹೋಗಿಬಿಡುತ್ತದೆ. ಉರಿಯಬೇಕಾದ ಇದ್ದಲಿಗೆ ಉಸಿರು ಸಿಗದೆ ಅದು ಅರೆಬೆಂದೇ ಬೂದಿಯೊಡನೆ ಹೊರಬೀಳುತ್ತದೆ. ತುಂಗಭದ್ರಾ ಕಾಲುವೆಯ ನೀರಿನ ವ್ಯವಹಾರ ಬಲ್ಲ ನಮ್ಮ ಕಡೆಯ ರೈತರಿಗೆ ಇದು ಬೇಗ ತಿಳಿಯುತ್ತದೆ: ನೀರು ಸುಲಭದ ದಾರಿ ಹಿಡಿದು ಹೋದರೆ ಕೊನೆಭಾಗದ ಹೊಲ ಒಣಗುತ್ತದೆ, ಕಾಲುವೆಯಲ್ಲಿ ನೀರು ಬಿಟ್ಟದ್ದಕ್ಕೆ ಲೆಕ್ಕ ಮಾತ್ರ ಇರುತ್ತದೆ.

ತೇಲುಹಾಸಿನ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಮುಗಿಸುತ್ತೇನೆ. ಜರ್ಮನಿಯ ಫ್ರಿಟ್ಸ್ ವಿಂಕ್ಲರ್ ಎಂಬಾತ 1920ರ ದಶಕದಲ್ಲಿ ಕಂದು ಕಲ್ಲಿದ್ದಲಿನಿಂದ ಅನಿಲ ತೆಗೆಯಲು ಇದನ್ನು ಬಳಸಿದ. 1942ರಲ್ಲಿ ಅಮೆರಿಕದಲ್ಲಿ ಕಚ್ಚಾ ತೈಲದ ಭಾರವಾದ ಪಾಲನ್ನು ಒಡೆದು ಪೆಟ್ರೋಲು ಮಾಡುವ ಕೆಲಸಕ್ಕೆ ಇದು ಬಂತು; ಅದೇ ವಂಶದ ಘಟಕವೊಂದು ಇಂದು ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿಯೂ ಇದೆ. ನಮ್ಮಲ್ಲಿ ತಿರುಚಿರಾಪಳ್ಳಿಯ ಭಾರತ್ ಹೆವಿ ಎಲೆಕ್ಟ್ರಿಕಲ್ಸ್‌ನವರು 1970ರ ದಶಕದಿಂದಲೇ ತೇಲುಹಾಸಿನ ಬಾಯ್ಲರುಗಳ ಮೇಲೆ ಕೆಲಸ ಮಾಡಿದರು. ಈ ಚರಿತ್ರೆಯಲ್ಲಿ ಸೋಲುಗಳೂ ಇವೆ. 1950ರ ಸುಮಾರಿನಲ್ಲಿ ಟೆಕ್ಸಾಸಿನ ಬ್ರೌನ್ಸ್‌ವಿಲ್ ಎಂಬಲ್ಲಿ ಅನಿಲದಿಂದ ಪೆಟ್ರೋಲು ಮಾಡುವ ದೊಡ್ಡ ತೇಲುಹಾಸೊಂದನ್ನು ಕಟ್ಟಿದಾಗ, ಪ್ರಯೋಗಶಾಲೆಯ ಕಿರಿದಾದ ಕೊಳವೆಯಲ್ಲಿ ದೊರೆತಿದ್ದ ಫಲ ಅಲ್ಲಿ ದೊರೆಯಲೇ ಇಲ್ಲ. ಕಿರಿಯ ಕೊಳವೆಯಲ್ಲಿ ಬೆಳೆಯಲು ಎಡೆಯಿಲ್ಲದ ಗುಳ್ಳೆಗಳು ದೊಡ್ಡ ಪಾತ್ರೆಯಲ್ಲಿ ದೊಡ್ಡದಾಗಿ ಬೆಳೆದವು. ಕೋಟ್ಯಂತರ ರೂಪಾಯಿಯ ಪಾತ್ರೆಯನ್ನು ಕಟ್ಟುವ ಮೊದಲೇ ಅದರೊಳಗೆ ಗುಳ್ಳೆ ಹೇಗೆ ನಡೆದುಕೊಂಡೀತು ಎಂದು ತಿಳಿಯುವ ಉಪಾಯ ಬೇಕೆಂಬ ಹಂಬಲ ಹುಟ್ಟಿದ್ದು ಇಂಥ ಪೆಟ್ಟುಗಳಿಂದ.

ಒಳಗೆ ಕಣ್ಣಿಟ್ಟು ನೋಡೋಣವೆಂದರೆ ಮರಳು ಪಾರದರ್ಶಕವಲ್ಲ; ಮೇಲಾಗಿ ಅದು ಕೆಂಪಗೆ ಕಾದಿದೆ. ಉಳಿದದ್ದು ಗಣಕಯಂತ್ರ. ಅದರೊಳಗೆ ಒಂದು ಹಾಸನ್ನು ಲೆಕ್ಕದಲ್ಲೇ ಹರಡಿ, ಲೆಕ್ಕದ ಗಾಳಿಯನ್ನೇ ಊದಿ, ಏನಾಗುವುದೆಂದು ನೋಡುವುದು. ಗಾಳಿಯ ಲೆಕ್ಕ ಹತ್ತೊಂಬತ್ತನೆಯ ಶತಮಾನದಿಂದಲೂ ನಮಗೆ ಗೊತ್ತಿರುವ ಸಮೀಕರಣಗಳಿಂದ ನಡೆಯುತ್ತದೆ. ಗಾಳಿ ಕಣವನ್ನು ಎಷ್ಟು ಬಲವಾಗಿ ಎಳೆಯುವುದೆಂಬುದಕ್ಕೂ ಪ್ರಯೋಗದಿಂದ ಕಂಡುಕೊಂಡ ಸೂತ್ರಗಳಿವೆ. ಇನ್ನು ಉಳಿದದ್ದು ಕಣ ಕಣಕ್ಕೆ ತಾಗಿದಾಗ ಏನಾಗುವುದೆಂಬ ಪ್ರಶ್ನೆ. ಮೇಲುನೋಟಕ್ಕೆ ಇದು ಅಲ್ಪ ವಿಷಯ. ಆದರೆ ತೇಲುಹಾಸಿನ ಲೆಕ್ಕ ಕಟ್ಟಿದವರೆಲ್ಲ ಎಡವಿ ನಿಂತು ನೋಡಿದ ಕಲ್ಲು ಇದೇ.

ಎತ್ತರದಿಂದ ಒಂದು ಗಾಜಿನ ಗೋಲಿಯನ್ನು ಕಲ್ಲಿನ ನೆಲಕ್ಕೆ ಬಿಡಿ. ಅದು ಪುಟಿಯುತ್ತದೆ, ಆದರೆ ಬಿಟ್ಟ ಎತ್ತರಕ್ಕೆ ಮರಳಿ ಬರುವುದಿಲ್ಲ. ನೆಲ ತಾಗುವ ವೇಗಕ್ಕೂ ಪುಟಿದೇಳುವ ವೇಗಕ್ಕೂ ಇರುವ ಪ್ರಮಾಣವನ್ನು ನಾನು ಪುಟಿತದ ಅಂಕ ಎನ್ನುತ್ತೇನೆ. ನೂರು ಸೆಂಟಿಮೀಟರಿನಿಂದ ಬಿಟ್ಟದ್ದು 81 ಸೆಂಟಿಮೀಟರಿಗೆ ಎದ್ದರೆ ಆ ಅಂಕ 0.9. ಅಂಕ ಒಂದಾದರೆ ನಷ್ಟವೇ ಇಲ್ಲ. ಸೊನ್ನೆಯಾದರೆ ಹಸಿ ಜೇಡಿಮಣ್ಣಿನ ಉಂಡೆಯಂತೆ ಬಿದ್ದಲ್ಲೇ ಅಂಟಿಕೊಳ್ಳುತ್ತದೆ. ಗಾಜಿನ ಮಣಿಗಳಿಗೆ ಅದು 0.97ರಷ್ಟು ಇರುವುದುಂಟು. ಒಂದು ಡಿಕ್ಕಿಯನ್ನು ನೋಡಿದರೆ 0.97ಕ್ಕೂ 0.9ಕ್ಕೂ ಇರುವ ಅಂತರ ನಗಣ್ಯ. ಆದರೆ ಇಪ್ಪತ್ತು ಸಲ ಪುಟಿದ ಮೇಲೆ ಲೆಕ್ಕ ಹಾಕಿ ನೋಡಿ: 0.97ರ ಗೋಲಿ ಇನ್ನೂ 30 ಸೆಂಟಿಮೀಟರಿನಷ್ಟು ಎತ್ತರಕ್ಕೆ ಏಳುತ್ತಿರುತ್ತದೆ, 0.9ರ ಗೋಲಿ ಒಂದೂವರೆ ಸೆಂಟಿಮೀಟರಿಗೆ ಇಳಿದಿರುತ್ತದೆ. ತೇಲುಹಾಸಿನ ಕಣವಾದರೋ ಇಪ್ಪತ್ತು ಡಿಕ್ಕಿಗಳನ್ನು ಕಣ್ಣು ಮಿಟುಕಿಸುವುದರೊಳಗೆ ಮುಗಿಸಿಬಿಡುತ್ತದೆ.

ಇದರ ಜೊತೆಗೆ ಘರ್ಷಣೆಯೊಂದಿದೆ. ಎರಡು ಕಣಗಳು ನೇರವಾಗಿ ಎದುರಾಗುವುದು ಅಪರೂಪ. ಓರೆಯಾಗಿ ತಾಗಿ, ಉಜ್ಜಿ, ಒಂದನ್ನೊಂದು ತಿರುಗಿಸಿಬಿಡುತ್ತವೆ. ಮೂರನೆಯದು ಕಣದ ಗಡಸುತನ, ಎಂದರೆ ಒತ್ತಿದಾಗ ಅದು ಎಷ್ಟು ತಗ್ಗುತ್ತದೆಂಬುದು. ಈ ಮೂರನ್ನು ಗಣಕಕ್ಕೆ ಕೊಟ್ಟರೆ ಡಿಕ್ಕಿಯ ಗುಣವೆಲ್ಲವನ್ನೂ ಕೊಟ್ಟಂತೆ ಎಂಬುದು ಸದ್ಯದ ಒಪ್ಪಂದ.

ಕಣ ಕಣವನ್ನೂ ಬೇರೆ ಬೇರೆಯಾಗಿ ಹಿಂಬಾಲಿಸುವ ಲೆಕ್ಕವನ್ನು ಮೊದಲು ಬೆಳೆಸಿದವರು ಮಣ್ಣು ಮತ್ತು ಬಂಡೆಗಳ ಅಭ್ಯಾಸಿಗಳು. 1979ರಲ್ಲಿ ಕಂಡಲ್ ಮತ್ತು ಸ್ಟ್ರ್ಯಾಕ್ ಎಂಬವರು ಪ್ರಕಟಿಸಿದ ಪ್ರಬಂಧದಲ್ಲಿ ತಾಗಿದ ಎರಡು ಕಣಗಳ ನಡುವೆ ಒಂದು ಸ್ಪ್ರಿಂಗು, ವೇಗವನ್ನು ಹೀರುವ ಒಂದು ತಡೆ, ಜಾರುವ ಒಂದು ಜೋಡಣೆ ಇರುವಂತೆ ಭಾವಿಸುವ ಉಪಾಯವಿದೆ. ಇದನ್ನು ತೇಲುಹಾಸಿಗೆ ತಂದವರು ಜಪಾನಿನ ಒಸಾಕಾದ ತ್ಸುಜಿ ಮತ್ತು ಅವರ ಸಂಗಡಿಗರು, 1993ರಲ್ಲಿ. ಅವರ ಹಾಸಿನಲ್ಲಿದ್ದ ಕಣಗಳು 2,400. ಒಂದೊಂದೂ ನಾಲ್ಕು ಮಿಲಿಮೀಟರ್ ಗಾತ್ರದ್ದು. ನಿಜವಾದ ಹಾಸಿನೊಡನೆ ಹೋಲಿಸಿದರೆ ಇದು ಆಟಿಕೆಯ ಹಾಸು. ಅರ್ಧ ಮಿಲಿಮೀಟರಿನ ಮರಳಾದರೆ ಒಂದು ಲೀಟರಿನ ಅಳತೆಯಲ್ಲಿ ಸುಮಾರು 90 ಲಕ್ಷ ಕಣಗಳಿರುತ್ತವೆ. ಒಂದು ಘನ ಮೀಟರಿನಲ್ಲಿ 900 ಕೋಟಿಗೂ ಮಿಕ್ಕು, ಭೂಮಿಯ ಮೇಲಿನ ಜನಸಂಖ್ಯೆಗಿಂತ ಹೆಚ್ಚು. ಆದರೂ ಆ ಆಟಿಕೆಯಲ್ಲಿ ಗುಳ್ಳೆಗಳು ಎದ್ದವು, ನಿಜವಾದವುಗಳಂತೆಯೇ ಎದ್ದವು ಎಂಬುದು ಆಗ ದೊಡ್ಡ ಸಂಗತಿ.

ಮೂರು ವರ್ಷಗಳ ಮೇಲೆ, 1996ರಲ್ಲಿ, ನೆದರ್ಲೆಂಡಿನ ಟ್ವೆಂಟೆ ವಿಶ್ವವಿದ್ಯಾಲಯದ ಹೋಮನ್ಸ್, ಕೈಪರ್ಸ್ ಮತ್ತವರ ಜೊತೆಗಾರರು ಅಷ್ಟೇ ಕಣಗಳಿಂದ ಇನ್ನೊಂದು ಬಗೆಯ ಲೆಕ್ಕ ಹಾಕಿದರು. ಅವರು ಒಂದು ಸರಳವಾದ ಪ್ರಶ್ನೆ ಕೇಳಿಕೊಂಡರು: ಡಿಕ್ಕಿಯಲ್ಲಿ ಏನೂ ನಷ್ಟವಾಗದಂಥ ಆದರ್ಶ ಕಣಗಳನ್ನು ಕೊಟ್ಟರೆ ಹೇಗೆ? ಪುಟಿತದ ಅಂಕ ಒಂದು, ಘರ್ಷಣೆ ಸೊನ್ನೆ. ಗಾಳಿ ಅದೇ, ಪಾತ್ರೆ ಅದೇ, ಕಣಗಳ ತೂಕವೂ ಅದೇ. ಫಲವೇನೆಂದರೆ ಗುಳ್ಳೆಗಳೇ ಮಾಯವಾದವು. ಹಾಸು ಸಮನಾಗಿ ಉಬ್ಬಿ ನಿಂತಿತು, ಅಷ್ಟೆ. ಅಂಕಗಳನ್ನು ನಿಜವಾದ ಕಣಗಳ ಹತ್ತಿರಕ್ಕೆ ತಂದಾಗ ಗುಳ್ಳೆಗಳು ಮರಳಿ ಬಂದವು.

ಇದನ್ನು ಓದಿದಾಗ ನಾನು ತುಸು ಹೊತ್ತು ಪುಸ್ತಕ ಮುಚ್ಚಿ ಕುಳಿತೆ. ಕಣ್ಣಿಗೆ ಕಾಣುವ, ಅಂಗೈಯಗಲದ ಗುಳ್ಳೆಯ ಇರವು, ಕಣ್ಣಿಗೆ ಕಾಣದ ಒಂದು ಡಿಕ್ಕಿಯಲ್ಲಿ ಆಗುವ ನಷ್ಟವನ್ನು ಅವಲಂಬಿಸಿದೆ! ಏಕೆ ಹೀಗೆ? ಇದನ್ನು ತುಸು ವಿವರವಾಗಿಯೇ ನೋಡಬೇಕು.

ನಾವು ಕುಳಿತಿರುವ ಕೋಣೆಯ ಗಾಳಿಯೂ ಕಣಗಳಿಂದಾದದ್ದೇ. ಅದರ ಅಣುಗಳು ಎಡೆಬಿಡದೆ ಒಂದಕ್ಕೊಂದು ತಾಗುತ್ತಿವೆ. ಆದರೆ ಆ ತಾಗಾಟದಲ್ಲಿ ಒಟ್ಟು ಚಲನೆಯ ಶಕ್ತಿ ಸೋರಿಹೋಗುವುದಿಲ್ಲ. ಸೋರುತ್ತಿದ್ದರೆ ಕೋಣೆಯ ಗಾಳಿಯೆಲ್ಲ ಕ್ಷಣಮಾತ್ರದಲ್ಲಿ ನೆಲಕ್ಕೆ ಕುಸಿದು ಧೂಳಿನಂತೆ ಬಿದ್ದಿರುತ್ತಿತ್ತು. ಅಣುಗಳು ಸದಾ ತಳಮಳಿಸುತ್ತಿರುವುದರಿಂದಲೇ ಗಾಳಿ ಎಲ್ಲೆಡೆಯೂ ಸಮನಾಗಿ ಹರಡಿಕೊಂಡಿದೆ. ಎಲ್ಲಾದರೂ ಒತ್ತಾದರೆ ಅಲ್ಲಿ ತಳ್ಳಾಟ ಹೆಚ್ಚಾಗಿ, ಒತ್ತು ತಾನಾಗಿಯೇ ಸಡಿಲಗೊಳ್ಳುತ್ತದೆ. ನಷ್ಟವಿಲ್ಲದ ಆದರ್ಶ ಮರಳೂ ಹೀಗೆಯೇ ನಡೆದುಕೊಳ್ಳುತ್ತದೆ.

ನಿಜವಾದ ಮರಳು ಬೇರೆ. ಅಕಸ್ಮಾತ್ತಾಗಿ ಒಂದೆಡೆ ನಾಲ್ಕು ಕಣಗಳು ಹೆಚ್ಚಾಗಿ ಸೇರಿದುವೆನ್ನಿ. ಅಲ್ಲಿ ಡಿಕ್ಕಿಗಳು ಹೆಚ್ಚು. ಡಿಕ್ಕಿ ಹೆಚ್ಚಾದಷ್ಟೂ ನಷ್ಟ ಹೆಚ್ಚು. ನಷ್ಟ ಹೆಚ್ಚಾದಷ್ಟೂ ಅಲ್ಲಿಯ ಕಣಗಳು ಸೋತು ಸುಮ್ಮನಾಗುತ್ತವೆ. ಸುಮ್ಮನಾದವು ಹೊರಗಿನವನ್ನು ತಳ್ಳಲಾರವು; ಹೊರಗಿನಿಂದ ಬಂದವು ಅಲ್ಲಿಯೇ ಸಿಕ್ಕಿಬಿದ್ದು ತಾವೂ ಸೋಲುತ್ತವೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಕುಸಿದು ಕುಳಿತವನ ಸುತ್ತ ಗುಂಪು ಕಟ್ಟುವಂತೆ ಅಲ್ಲಿ ದಟ್ಟಣೆ ಬೆಳೆಯುತ್ತದೆ. ದಟ್ಟಣೆ ಒಂದೆಡೆ ಬೆಳೆದರೆ ಇನ್ನೊಂದೆಡೆ ತೆರವು ಆಗಲೇಬೇಕಷ್ಟೆ. ಅಡಿಯಿಂದ ಬರುವ ಗಾಳಿ ದಟ್ಟಣೆಯಲ್ಲಿ ನುಸುಳುವುದಕ್ಕಿಂತ ತೆರವಿನಲ್ಲಿ ಹಾಯುವುದೇ ಸುಲಭವೆಂದು ಅತ್ತ ತಿರುಗುತ್ತದೆ. ತಿರುಗಿ, ತೆರವನ್ನು ಇನ್ನೂ ಹಿಗ್ಗಿಸುತ್ತದೆ. ಗುಳ್ಳೆ ಹುಟ್ಟಿತು. ಗಾಳಿಯೂ ಇಲ್ಲದೆ, ಭೂಮಿಯ ಸೆಳೆತವೂ ಇಲ್ಲದೆ, ಬರಿಯ ನಷ್ಟದಿಂದಲೇ ಕಣಗಳು ಗುಂಪು ಕಟ್ಟಬಲ್ಲವೆಂಬುದನ್ನು 1993ರಲ್ಲಿ ಗೋಲ್ಡ್‌ಹಿರ್ಶ್ ಮತ್ತು ಝನೆಟ್ಟಿ ಲೆಕ್ಕದಿಂದ ತೋರಿಸಿದ್ದರು.

ಒಂದು ಪಕ್ಷವನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ನ್ಯಾಯವಲ್ಲ. ಒಂದೇ ಕೈಯಿಂದ ಚಪ್ಪಾಳೆ ಆಗುವುದಿಲ್ಲವೆಂಬ ಗಾದೆ ಇಲ್ಲಿಯೂ ನಿಜ. ಕೈಪರ್ಸರೇ ಲಿ ಎಂಬವರೊಡನೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಾಳಿಯ ಎಳೆತವು ದಟ್ಟಣೆಯೊಡನೆ ತೀವ್ರವಾಗಿ ಏರುವ ಸ್ವಭಾವವೇ ಏರುಪೇರುಗಳನ್ನು ಹುಟ್ಟಿಸಬಲ್ಲದು, ಡಿಕ್ಕಿಗಳು ಆದರ್ಶವಾಗಿದ್ದಾಗಲೂ ಹಾಸು ಸಮನಾಗಿ ಉಳಿಯದಿರಬಹುದು ಎಂದು ಕಂಡುಬಂತು. ನಷ್ಟದ ಡಿಕ್ಕಿಗಳು ಆ ಏರುಪೇರನ್ನು ಹೆಚ್ಚಿಸಿ ಗಟ್ಟಿಗೊಳಿಸುತ್ತವೆ. ಆದ್ದರಿಂದ ಡಿಕ್ಕಿಯ ಗುಣವೇ ಗುಳ್ಳೆಯ ಏಕೈಕ ಕಾರಣ ಎನ್ನಲಾಗದು. ಗುಳ್ಳೆ ಎಷ್ಟು ದೊಡ್ಡದು, ಎಷ್ಟು ರಭಸದ್ದು ಎಂಬುದರ ಮೇಲೆ ಅದರ ಅಧಿಕಾರ ನಡೆಯುತ್ತದೆ ಎಂದರೆ ಸರಿಯಾದೀತು.

ಕೋಟಿಗಟ್ಟಲೆ ಕಣಗಳನ್ನು ಒಂದೊಂದಾಗಿ ಹಿಂಬಾಲಿಸುವುದು ಇಂದಿಗೂ ಕಷ್ಟವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಎಂಬ ಮಹಾಗಣಕ ಸೆಕೆಂಡಿಗೆ 3,300 ಲಕ್ಷ ಕೋಟಿ ಗುಣಾಕಾರ ಸಂಕಲನಗಳನ್ನು ಮಾಡಬಲ್ಲದು. ಅಂಥದಕ್ಕೂ ಇಡೀ ಬಾಯ್ಲರಿನ ಮರಳು ಸುಲಭದ ತುತ್ತಲ್ಲ. ಅದಕ್ಕಾಗಿ ಇನ್ನೊಂದು ಮಾರ್ಗವಿದೆ. ಕಣಗಳ ರಾಶಿಯನ್ನೇ ಒಂದು ಹರಿಯುವ ವಸ್ತುವೆಂದು ಭಾವಿಸಿ, ಅಣುಗಳ ತಳಮಳಕ್ಕೆ ಉಷ್ಣತೆಯೆಂಬ ಅಳತೆಯಿರುವಂತೆ ಕಣಗಳ ತಳಮಳಕ್ಕೂ ಒಂದು ಉಷ್ಣತೆಯನ್ನು ಕಲ್ಪಿಸುವುದು. ಈ ಉಷ್ಣತೆಗೂ ಬಿಸಿಗೂ ಸಂಬಂಧವಿಲ್ಲ. ತಣ್ಣನೆಯ ಮರಳೂ ತಳಮಳಿಸುತ್ತಿದ್ದರೆ ಈ ಅರ್ಥದಲ್ಲಿ ಬಿಸಿಯೇ. 1980ರ ದಶಕದಲ್ಲಿ ಜೆಂಕಿನ್ಸ್, ಸ್ಯಾವೇಜ್ ಮುಂತಾದವರು ಇದರ ಸಮೀಕರಣಗಳನ್ನು ರೂಪಿಸಿದರು. ನಮ್ಮವರ ಪಾಲೂ ಇದರಲ್ಲಿ ಸಣ್ಣದಲ್ಲ. ವಿಜ್ಞಾನ ಸಂಸ್ಥೆಯ ರಾಸಾಯನಿಕ ಎಂಜಿನಿಯರಿಂಗ್ ವಿಭಾಗದ ಕೆ. ಕೇಶವ ರಾವ್ ಮತ್ತು ಪ್ರಭು ನಾಟ್ ಅವರು ಕಣಗಳ ಹರಿವನ್ನು ಕುರಿತು ಬರೆದ ಗ್ರಂಥವನ್ನು 2008ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಪ್ರಕಟಿಸಿತು. ಅದೇ ವಿಭಾಗದ ವಿ. ಕುಮಾರನ್ ಅವರು ನಷ್ಟದ ಡಿಕ್ಕಿಗಳ ಸಿದ್ಧಾಂತದಲ್ಲಿ ಬಹುಕಾಲದಿಂದ ದುಡಿದವರು. ಕನ್ನಡದಲ್ಲಿ ಈ ವಿಷಯವನ್ನು ಕುರಿತು ಇಂಥದೊಂದು ಪುಸ್ತಕ ಬರಬೇಕೆಂಬ ನನ್ನ ಆಸೆಯನ್ನು ಇಲ್ಲಿ ಸುಮ್ಮನೆ ನಮೂದಿಸಿರುತ್ತೇನೆ.

ಈ ಎರಡನೆಯ ಮಾರ್ಗದಲ್ಲಿ ಪುಟಿತದ ಅಂಕ ಇನ್ನೂ ಸೂಕ್ಷ್ಮವಾದ ಪಾತ್ರ ವಹಿಸುತ್ತದೆ. ಟ್ವೆಂಟೆಯ ಗೋಲ್ಡ್‌ಶ್ಮಿಟ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದಂತೆ, ಅಂಕವನ್ನು ಒಂದರಿಂದ ತುಸು ಇಳಿಸಿದರೂ ಸಾಕು, ಹಾಸು ದಟ್ಟ ಭಾಗಗಳಾಗಿಯೂ ತೆರವುಗಳಾಗಿಯೂ ಒಡೆದು ಗುಳ್ಳೆಗಳು ರಭಸಗೊಳ್ಳುತ್ತವೆ. ಇದಲ್ಲದೆ ಈ ಸಮೀಕರಣಗಳ ಸರಳ ರೂಪದಲ್ಲಿ ಕಣಗಳ ಉಜ್ಜಾಟಕ್ಕೂ ತಿರುಗುವಿಕೆಗೂ ಎಡೆಯಿಲ್ಲ. ಆ ನಷ್ಟವನ್ನು ಎಲ್ಲಿ ತೋರಿಸುವುದು? ಪುಟಿತದ ಅಂಕವನ್ನೇ ಇನ್ನಷ್ಟು ತಗ್ಗಿಸಿ ಅದರೊಳಗೆ ಅಡಗಿಸಿಡುವ ಪದ್ಧತಿಯಿದೆ. ಮನೆಯ ಖರ್ಚನ್ನೆಲ್ಲ ಅಂಗಡಿಯ ಲೆಕ್ಕದಲ್ಲಿ ಬರೆಯುವ ವ್ಯಾಪಾರಿಯ ಪುಸ್ತಕದಂತೆ ಒಟ್ಟು ಮೊತ್ತ ಸರಿಯಾಗಿಯೇ ಬರಬಹುದು. ಆದರೆ ಆ ಅಂಕವನ್ನು ಗೋಲಿ ಪುಟಿಸಿ ಅಳೆದದ್ದೆಂದು ನಂಬಿದವನು ಮೋಸಹೋಗುತ್ತಾನೆ.

ಇಲ್ಲಿ ನನಗೆ ನನ್ನ ಕಸುಬಿನ ಒಂದು ಮಾತು ನೆನಪಾಗುತ್ತದೆ. ತಾಳೆಗರಿಯ ಪ್ರತಿಯಿಂದ ಹಳೆಯ ಕಾವ್ಯವನ್ನು ಸಂಪಾದಿಸುವವನಿಗೆ ಪದ್ಯದ ಒಂದು ಮಾತ್ರೆ ಹೆಚ್ಚಾಗಿಯೋ ಕಡಮೆಯಾಗಿಯೋ ಕಂಡರೆ, ತನಗೆ ತೋರಿದ ಒಂದಕ್ಷರ ಸೇರಿಸಿ ಛಂದಸ್ಸನ್ನು ಸರಿಪಡಿಸುವ ಮೋಹ ಬರುತ್ತದೆ. ಪದ್ಯ ಸೊಗಸಾಗಿ ಓದಿಸಿಕೊಳ್ಳುತ್ತದೆ. ಕವಿ ಬರೆದದ್ದು ಮಾತ್ರ ಅದಲ್ಲ. ಬಲ್ಲ ಸಂಪಾದಕ ತಿದ್ದಿದರೂ ಅಡಿಯಲ್ಲಿ ಪಾಠಾಂತರವನ್ನು ಕೊಡುತ್ತಾನೆ. ಗಣಕದ ಹಾಸಿನಲ್ಲಿಯೂ ಈ ಮೋಹವುಂಟು. ಪ್ರಯೋಗದಲ್ಲಿ ಕಂಡ ಗುಳ್ಳೆಯ ಗಾತ್ರ ಬರುವ ತನಕ ಪುಟಿತದ ಅಂಕವನ್ನು ಏರಿಸಿ ಇಳಿಸಿ, ಬಂದ ಮೇಲೆ ನಮ್ಮ ಲೆಕ್ಕ ಪ್ರಯೋಗಕ್ಕೆ ಹೊಂದಿತು ಎಂದು ಹೇಳಬಹುದು. ಆ ಒಂದು ಪಾತ್ರೆಗೆ ಹೊಂದಿದ್ದು ಅದರ ಹತ್ತು ಪಟ್ಟು ದೊಡ್ಡದಾದ, ಬೇರೆ ಉರುವಲಿನ ಬಾಯ್ಲರಿಗೆ ಹೊಂದೀತೆಂಬ ಭರವಸೆ ಎಲ್ಲಿದೆ? ಬ್ರೌನ್ಸ್‌ವಿಲ್ಲಿನಲ್ಲಿ ಸಣ್ಣ ಕೊಳವೆಯನ್ನು ನಂಬಿ ಕೆಟ್ಟಂತೆ, ಸಣ್ಣ ಲೆಕ್ಕವನ್ನು ನಂಬಿ ಕೆಡುವುದಕ್ಕೂ ದಾರಿಯಿದೆ. ಪ್ರಾಮಾಣಿಕರಾದ ಸಂಶೋಧಕರು ತಮ್ಮ ಮಣಿಗಳ ಪುಟಿತವನ್ನೂ ಘರ್ಷಣೆಯನ್ನೂ ಬೇರೆಯಾಗಿ ಅಳೆದು, ಅಳೆದ ಅಂಕಗಳನ್ನು ಬದಲಿಸದೆ ಗಣಕಕ್ಕೆ ಕೊಟ್ಟು, ಬಂದದ್ದನ್ನು ಬಂದಂತೆ ಹೇಳುತ್ತಾರೆ. ಅಂಥ ಪ್ರಬಂಧಗಳೂ ಇವೆ. ಓದಲು ಅವೇ ಹಿತ.

ಗಡಸುತನದ ವಿಷಯದಲ್ಲಿ ನಡೆಯುವ ರಾಜಿ ಇನ್ನೊಂದು ತೆರನದು. ನಿಜವಾದ ಮಣಿಗಳ ಡಿಕ್ಕಿ ಸೆಕೆಂಡಿನ ಕೆಲವು ದಶಲಕ್ಷಾಂಶಗಳಲ್ಲಿ ಮುಗಿದುಹೋಗುತ್ತದೆ. ಅದನ್ನು ಗಣಕದಲ್ಲಿ ಹಿಡಿಯಬೇಕಾದರೆ ಅದಕ್ಕಿಂತಲೂ ಚಿಕ್ಕ ಹೆಜ್ಜೆಗಳಲ್ಲಿ ಕಾಲವನ್ನು ಎಣಿಸಬೇಕು. ಆಗ ಒಂದು ಸೆಕೆಂಡಿನ ಕುದಿತವನ್ನು ಕಾಣಲು ವರ್ಷಗಟ್ಟಲೆ ಕಾಯಬೇಕಾದೀತು. ಆದ್ದರಿಂದ ತ್ಸುಜಿಯವರ ಕಾಲದಿಂದಲೂ ಕಣಗಳನ್ನು ನಿಜಕ್ಕಿಂತ ಬಹಳ ಮೆತ್ತಗೆ ಮಾಡಿಕೊಳ್ಳುತ್ತಾರೆ. ಅವರು ಬಳಸಿದ ಸ್ಪ್ರಿಂಗು ಒಂದು ಸೆಂಟಿಮೀಟರ್ ತಗ್ಗಲು ಸುಮಾರು 800 ಗ್ರಾಂ ತೂಕ ಸಾಕೆನ್ನುವಷ್ಟು ಮೆತ್ತನೆಯದು. ಲೋಹದ ಮಣಿಗೆ ಇದು ಯಾವ ಹೋಲಿಕೆಯೂ ಅಲ್ಲ. ಅಚ್ಚರಿಯೆಂದರೆ ಒಣ, ದಪ್ಪ ಕಣಗಳ ಹಾಸಿನಲ್ಲಿ ಈ ಸುಳ್ಳಿನಿಂದ ಹೆಚ್ಚು ಕೇಡಿಲ್ಲ. ಗುಳ್ಳೆಗಳು ಹೆಚ್ಚುಕಡಿಮೆ ಹಾಗೆಯೇ ಬರುತ್ತವೆ. ಆದರೆ ಕಣಗಳು ಒಂದಕ್ಕೊಂದು ಅಂಟುವ ಸ್ವಭಾವದವಾದರೆ, ಹಾರುಬೂದಿಯಂಥ ನುಣುಪಿನವಾದರೆ, ಕೇಡು ಕಾಣಿಸಿಕೊಳ್ಳುತ್ತದೆ. ಮೆತ್ತನೆಯ ಕಣ ಹೆಚ್ಚು ಹೊತ್ತು ತಾಗಿಕೊಂಡೇ ಇರುವುದರಿಂದ ಅಂಟು ಇದ್ದುದಕ್ಕಿಂತ ಬಲವಾದಂತೆ ತೋರಿ, ತೇಲಬೇಕಾದ ಹಾಸು ಗಣಕದಲ್ಲಿ ಕಟ್ಟಿಕೊಂಡು ಕೂರುತ್ತದೆ. ವಿದ್ಯುತ್ ಸ್ಥಾವರಗಳಲ್ಲಿ ಹಾರುಬೂದಿಯ ದೊಡ್ಡ ಕಣಜಗಳ ತಳದಲ್ಲಿ ಗಾಳಿ ಹಾಯಿಸಿ, ಬೂದಿಯನ್ನು ನೀರಿನಂತೆ ಹರಿಸಿ ಲಾರಿಗೆ ಇಳಿಸುವ ವ್ಯವಸ್ಥೆಯಿರುತ್ತದೆ. ಅದೂ ಒಂದು ತೇಲುಹಾಸೇ. ಅಂಥ ಕಡೆ ಇಂಥ ಲೆಕ್ಕವನ್ನು ಬಳಸುವವರು ಈ ಅಂಟಿನ ವಿಷಯದಲ್ಲಿ ಎಚ್ಚರದಿಂದಿರಬೇಕು.

ಇನ್ನು ನಮ್ಮ ಭತ್ತದ ಹೊಟ್ಟಿಗೆ ಬರೋಣ. ನೂರು ಕಿಲೊ ಭತ್ತಕ್ಕೆ ಸುಮಾರು 20 ಕಿಲೊ ಹೊಟ್ಟು. ಆ ಹೊಟ್ಟನ್ನು ಸುಟ್ಟರೆ ನಾಲ್ಕು ಕಿಲೊದಷ್ಟು ಬೂದಿ, ಅದರಲ್ಲಿ ಬಹುಪಾಲು ಸಿಲಿಕ, ಎಂದರೆ ಮರಳಿನ ಧಾತುವೇ. ಈ ಹೊಟ್ಟಿನ ಪುಟಿತದ ಅಂಕವೇನು? ಪ್ರಶ್ನೆಗೆ ಅರ್ಥವೇ ಇಲ್ಲ. ಹೊಟ್ಟು ಗೋಲಿಯಲ್ಲ, ದೋಣಿಯಾಕಾರದ್ದು, ಮೈ ತುಂಬ ಸಣ್ಣ ಮುಳ್ಳಿನಂಥ ಒರಟು, ಒಂದರ ಹೊಟ್ಟೆಯಲ್ಲಿ ಇನ್ನೊಂದು ಸೇರಿಕೊಂಡು ಕುಳಿತುಬಿಡುತ್ತದೆ. ತುದಿ ತಾಗಿದರೆ ಒಂದು ಬಗೆ, ಬೆನ್ನು ತಾಗಿದರೆ ಇನ್ನೊಂದು. ಬರಿಯ ಹೊಟ್ಟಿನ ಕೆಳಗೆ ಗಾಳಿ ಹಾಯಿಸಿದರೆ ಅದು ತೇಲುವ ಬದಲು ನಡುವೆ ಬಿರುಕು ಬಿಟ್ಟು, ಗಾಳಿ ಆ ಬಿರುಕಿನಲ್ಲೇ ಹೊರಟುಹೋಗುತ್ತದೆ. ಆದ್ದರಿಂದಲೇ ಹೊಟ್ಟನ್ನು ಸುಡುವ ತೇಲುಹಾಸುಗಳಲ್ಲಿ ಮರಳನ್ನು ಇಡುವುದು. ಮರಳು ಕುದಿಯುತ್ತದೆ, ಹೊಟ್ಟು ಆ ಕುದಿತದಲ್ಲಿ ಸಿಕ್ಕಿ ಉರಿಯುತ್ತದೆ. ಮಂಡಕ್ಕಿ ಭಟ್ಟಿಯವನು ಕಾದ ಮರಳಿನಲ್ಲಿ ಅಕ್ಕಿಯನ್ನು ಹಾಕಿ ಕೈಯಾಡಿಸುತ್ತಾನಲ್ಲವೆ, ಇಲ್ಲಿ ಕೈಯಾಡಿಸುವ ಕೆಲಸವನ್ನು ಗಾಳಿ ಮಾಡುತ್ತದೆ. ಗಣಕದವರು ಈಚೆಗೆ ಹಲವು ಮಣಿಗಳನ್ನು ಅಂಟಿಸಿ ದೋಣಿಯನ್ನೂ ಕಡ್ಡಿಯನ್ನೂ ಹೋಲುವ ಕಣಗಳನ್ನು ಮಾಡಿಕೊಳ್ಳುತ್ತಿದ್ದಾರೆ. ದುಂಡು ಮಣಿಯ ಲೆಕ್ಕವನ್ನೇ ಹೊಟ್ಟಿನ ಬಾಯ್ಲರಿಗೂ ಅನ್ವಯಿಸುವುದಕ್ಕಿಂತ ಇದು ಮೇಲು, ಆದರೆ ತಾಗುವ ಬಗೆಗಳು ಹೆಚ್ಚಾದಷ್ಟೂ ಅಳೆಯಬೇಕಾದ ಅಂಕಗಳೂ ಹೆಚ್ಚುತ್ತವೆ.

ಅಳೆಯುವುದಾದರೂ ಎಲ್ಲಿ? ಪ್ರಯೋಗಶಾಲೆಯ ಮೇಜಿನ ಮೇಲೆ, ತಣ್ಣಗಿರುವಾಗ. ಹಾಸಿನಲ್ಲಿಯೋ ಕಣ 850 ಡಿಗ್ರಿಯಲ್ಲಿದೆ. ಪುಟಿತದ ಅಂಕ ತಾಗುವ ವೇಗದೊಡನೆ ಬದಲಾಗುತ್ತದೆ, ಬಿಸಿಯೊಡನೆಯೂ ಬದಲಾಗುತ್ತದೆ. ಬೆಳೆಯ ಹುಲ್ಲು ಕಡ್ಡಿಗಳಲ್ಲಿ ಪೊಟ್ಯಾಸಿಯಂ ಮೊದಲಾದ ಕ್ಷಾರಗಳಿರುತ್ತವೆ. ಅವು ಮರಳಿನ ಸಿಲಿಕದೊಡನೆ ಸೇರಿ, ಕಡಮೆ ಬಿಸಿಯಲ್ಲೇ ಕರಗುವ ಗಾಜಿನಂಥ ಲೇಪವನ್ನು ಕಣಗಳ ಮೇಲೆ ಕಟ್ಟುತ್ತವೆ. ಲೇಪ ಕಟ್ಟಿದ ಕಣಗಳು ತಾಗಿದರೆ ಪುಟಿಯುವುದಿಲ್ಲ, ಅಂಟುತ್ತವೆ. ಅಂಕ ಸೊನ್ನೆಯ ಕಡೆಗೆ ಇಳಿಯುತ್ತದೆ. ಮೊದಲು ಗುಳ್ಳೆಗಳ ನಡೆ ಬದಲಾಗುತ್ತದೆ, ಆಮೇಲೆ ಉಂಡೆಗಳು ಕಟ್ಟುತ್ತವೆ, ಕೊನೆಗೆ ಹಾಸು ಕುದಿಯುವುದನ್ನೇ ನಿಲ್ಲಿಸಿ ಕಲ್ಲಾಗಿ ಕುಳಿತುಬಿಡುತ್ತದೆ. ಬಾಯ್ಲರನ್ನು ಆರಿಸಿ, ಒಳಗಿನದನ್ನು ಒಡೆದು ತೆಗೆದು, ಹೊಸ ಮರಳನ್ನು ತುಂಬದೆ ಗತ್ಯಂತರವಿಲ್ಲ.

ಮೊದಲಲ್ಲಿ ಹೇಳಿದ ಬೂದಿದಿಬ್ಬದ ಮಾತು ಇಲ್ಲಿಗೆ ಬರುತ್ತದೆ. ನಮ್ಮ ಭಾಗದ ಇಂಥ ದಿಬ್ಬಗಳಲ್ಲಿ ಮೆತ್ತನೆಯ ಬೂದಿಯ ಪದರಗಳ ನಡುವೆ, ಕುಲುಮೆಯ ಕಿಟ್ಟದಂತೆ ಗಟ್ಟಿಯಾದ, ಗಾಜಿನ ಹೊಳಪುಳ್ಳ, ತೂತು ತೂತಾದ ಗಡ್ಡೆಗಳು ಸಿಗುತ್ತವೆ. ಇದನ್ನು ಕಂಡ ಹತ್ತೊಂಬತ್ತನೆಯ ಶತಮಾನದ ಕೆಲವರು ಕಬ್ಬಿಣ ಕರಗಿಸಿದ ತಾಣಗಳಿರಬೇಕೆಂದರು, ಜನ ರಾಕ್ಷಸರನ್ನು ಸುಟ್ಟ ಜಾಗವೆಂದರು. ಅದು ದನದ ಸಗಣಿಯ ಬೂದಿಯೆಂಬುದು ಮುಂದೆ ಅಗೆತದಿಂದಲೂ ರಾಸಾಯನಿಕ ಪರೀಕ್ಷೆಯಿಂದಲೂ ಖಚಿತವಾಯಿತು, ಎಫ್. ಆರ್. ಆಲ್ಚಿನ್ನರು 1963ರಲ್ಲಿ ಪ್ರಕಟಿಸಿದ ಗ್ರಂಥ ಈ ವಿಷಯದಲ್ಲಿ ಮುಖ್ಯವಾದದ್ದು. ದನ ತಿಂದ ಹುಲ್ಲಿನ ಸಿಲಿಕ, ಅದರಲ್ಲಿದ್ದ ಕ್ಷಾರ, ಮೇಲಿಂದ ಮೇಲೆ ಹತ್ತಿದ ದೊಡ್ಡ ಬೆಂಕಿ, ಇವು ಮೂರೂ ಕೂಡಿ ಬೂದಿಯ ಕಣಗಳನ್ನು ಬೆಸೆದು ಆ ಗಡ್ಡೆಗಳನ್ನು ಮಾಡಿವೆ. ಹುಲ್ಲು ಕಡ್ಡಿಗಳನ್ನು ಉರಿಸುವ ತೇಲುಹಾಸಿನಲ್ಲಿ ಕಟ್ಟುವ ಉಂಡೆಯೂ ಬಹುಮಟ್ಟಿಗೆ ಇದೇ ಸಾಮಗ್ರಿಯದು. ಬಾಯ್ಲರಿನವರಿಗೆ ಅದು ದಿನದ ತಲೆನೋವು. ಗಣಕದ ಮುಂದೆ ಕುಳಿತವರಿಗೆ, ಬೆಳಗ್ಗೆ 0.9 ಇದ್ದು ಸಂಜೆಯ ಹೊತ್ತಿಗೆ ಸೊನ್ನೆಯಾಗುವ ಅಂಕವೊಂದನ್ನು ಲೆಕ್ಕದಲ್ಲಿ ಹೇಗೆ ಬರೆಯುವುದೆಂಬ ಪ್ರಶ್ನೆ. ಲೇಪದ ದಪ್ಪವನ್ನೂ ಅದರ ಅಂಟನ್ನೂ ಕಣಕಣಕ್ಕೆ ಬೇರೆಯಾಗಿ ಇಟ್ಟುಕೊಂಡು, ಪ್ರತಿ ಡಿಕ್ಕಿಯಲ್ಲಿಯೂ ಇದು ಪುಟಿಯುವುದೋ ಅಂಟುವುದೋ ಎಂದು ತೀರ್ಮಾನಿಸುವ ಲೆಕ್ಕಗಳನ್ನು ಕೆಲವರು ಕಟ್ಟುತ್ತಿದ್ದಾರೆ. ಸದ್ಯಕ್ಕೆ ಅವು ಚಿಕ್ಕ ಹಾಸುಗಳ ಮೇಲೆ, ಕೆಲವೇ ಸೆಕೆಂಡುಗಳ ಕುದಿತದ ಮೇಲೆ ನಡೆಯುತ್ತಿವೆ. ಹಾಸು ಕಲ್ಲಾಗಲು ಬೇಕಾದದ್ದಾದರೋ ಗಂಟೆಗಳು.